ಭೋಂಗಾ ಟೈಮ್, ರೈಲ್ವೆ ಟೈಮ್

ಹಳೆಯ ಗೆಳೆಯನ ಮಗಳ ನಿಶ್ಚಯಕ್ಕೆ ಹೋಗಿದ್ದವನು ಮೊನ್ನೆ ಸಂಜೆ ಸೇಡಂ ಮತ್ತು ಚಿತ್ತಾಪುರದ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ವಾಡಿಯ ಕಡೆ ಹೋಗುವ ಪ್ಯಾಸೆಂಜರ್ ಗಾಡಿಗಾಗಿ ನಿಂತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ದಿನವಿಡೀ ಬಿಸಿಲಿಗೆ ಕಾದ ಫರಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಒಮ್ಮೆಲೇ ನೆಂದಾಗ ಒಂದು ವಾಸನೆ ಬರುತ್ತದೆ. ಮಳೆಗೆ ನೆಂದ ಮಣ್ಣಿನ ವಾಸನೆಯನ್ನು ಹೊಗಳದವರಿಲ್ಲ; ನಮ್ಮ ಸೀಮೆಯ ನೆಂದ ಫರಸಿಯನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದರೆ ಹೊಲವೂ ನೆನಪಾಗುವುದಿಲ್ಲ, ಹುಟ್ಟೂರು ತೆಂಗಳಿಯೂ ನೆನಪಾಗುವುದಿಲ್ಲ. ನೆನಪಾಗುವುದು ಒಂದು ಕಂಪ್ಯೂಟರ್ ರೂಮು, ಮತ್ತು ಅದರ ಫರಸಿ ನೆಲವನ್ನು ತಾವೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ ವನಮಾಲಾಬಾಯಿಯವರು.

ಆ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆ. ಕಲ್ಲು ಪುಡಿ ಮಾಡುವ ದೊಡ್ಡ ಯಂತ್ರಗಳಿಗೆ ಬೇಕಾದ ಬಿಡಿಭಾಗಗಳನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಎರಡು ಸಾವಿರದ ದಶಕ ಮುಗಿಯಲು ಬಂದಿದ್ದ ವರ್ಷಗಳವು. ಕಂಪ್ಯೂಟರ್ ವಿಭಾಗ ಎಂದರೆ ನಾವು ಐದು ಜನ, ನಮ್ಮ ಮೇಲೆ ವನಮಾಲಾಬಾಯಿಯವರು. ಮೊದಲು ಸೇಡಂನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ಕಾರ್ಖಾನೆಗೆ ಮೊಟ್ಟಮೊದಲ ಕಂಪ್ಯೂಟರ್ ಬಂದಾಗ ಅದನ್ನು ಕಲಿಯುತ್ತೇನೆಂದು ಬಂದು ಅಲ್ಲೇ ಉಳಿದುಬಿಟ್ಟಿದ್ದರು. ಎಲ್ಲರೂ ಅವರನ್ನು ಬಾಯಾರ ಎಂದೇ ಕರೆಯುತ್ತಿದ್ದೆವು. ಇಳಕಲ್ ಸೀರೆ, ಬಿಗಿಯಾದ ತುರುಬು, ಕನ್ನಡಕಕ್ಕೊಂದು ದಾರ. ಎರಕದ ಮನೆಯ ಧೂಳು ಯಂತ್ರಗಳ ಹೊಟ್ಟೆ ಸೇರಬಾರದೆಂದು ರೂಮಿನ ಹೊರಗೇ ಚಪ್ಪಲಿ ಬಿಡಿಸುತ್ತಿದ್ದರು. ಒಮ್ಮೆ ಕಾರ್ಖಾನೆಯ ಮ್ಯಾನೇಜರ್ ಸಾಹೇಬರಿಂದಲೇ ಬೂಟು ಬಿಚ್ಚಿಸಿದ್ದರು. ಸಾಹೇಬರ ಕಾಲುಚೀಲಕ್ಕೆ ತೂತಿತ್ತು. ಬಾಯಿಯವರು ಅದನ್ನು ನೋಡಲೇ ಇಲ್ಲ ಎಂಬಂತೆ ಮಾತಾಡಿಸಿ ಕಳಿಸಿದರು.

ಕಾರ್ಖಾನೆಯವರೆಲ್ಲ ವಾಸವಿದ್ದ ನಮ್ಮ ಕಾಲನಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಕಾರ್ಖಾನೆಯ ಭೋಂಗಾ, ಅಂದರೆ ಪಾಳಿ ಶುರುವಾಗುವಾಗ ಮತ್ತು ಬಿಡುವಾಗ ಕೂಗುವ ಸೈರನ್, ಲೋಕದ ಗಡಿಯಾರಕ್ಕಿಂತ ಹತ್ತು ನಿಮಿಷ ಮುಂದಿತ್ತು. ಇದು ಯಾವ ಕಾಲದಿಂದ ಬಂತೋ ಯಾರಿಗೂ ಗೊತ್ತಿರಲಿಲ್ಲ. ಕೆಲಸಗಾರರು ಬೇಗ ಬರಲೆಂದು ಹಳೆಯ ಮ್ಯಾನೇಜರನೊಬ್ಬ ಹೂಡಿದ ಉಪಾಯ ಎಂದು ನಾವೆಲ್ಲ ನಂಬಿದ್ದೆವು. ಕಾಲನಿಯ ಮನೆಮನೆಯ ಗಡಿಯಾರ, ಕಾರ್ಖಾನೆಯ ಪ್ರತಿಯೊಂದು ಗೋಡೆಯ ಗಡಿಯಾರ ಭೋಂಗಾಕ್ಕೆ ಹೊಂದಿಕೊಂಡೇ ನಡೆಯುತ್ತಿತ್ತು. ಟೈಮ್ ಆಫೀಸಿನ ಖಾಸೀಂಸಾಬರು ವಾರಕ್ಕೊಮ್ಮೆ ಸ್ಟೂಲು ಹೊತ್ತುಕೊಂಡು ಬಂದು ಎಲ್ಲವನ್ನೂ ಸರಿಮಾಡಿ ಹೋಗುತ್ತಿದ್ದರು. ಹೊರಗಿನ ಲೋಕದ ವೇಳೆಗೆ ನಮ್ಮಲ್ಲಿ ರೈಲ್ವೆ ಟೈಮ್ ಎನ್ನುತ್ತಿದ್ದರು; ಕಾಲನಿಯಲ್ಲಿ ಲಗ್ನವಾದರೆ ಆಮಂತ್ರಣದಲ್ಲಿ ‘ಮುಹೂರ್ತ ರೈಲ್ವೆ ಟೈಮ್ ಪ್ರಕಾರ’ ಎಂದು ಅಚ್ಚು ಹಾಕಿಸಬೇಕಿತ್ತು. ನನ್ನ ಲಗ್ನದಲ್ಲಿ ಅದನ್ನು ಮರೆತು, ಸುಲೇಪೇಟದ ಬೀಗರಿಗೂ ನಮ್ಮವರಿಗೂ ಮಂಟಪದಲ್ಲೇ ವಾದ ಹತ್ತಿತ್ತು.

ಈಗ ಯಂತ್ರದ ವಿಷಯ. ನಮ್ಮಲ್ಲಿದ್ದ ನಾಲ್ಕು ಹಳೆಯ ಸರ್ವರ್‌ಗಳು ಧೂಳಿಗೆ, ಕರೆಂಟಿನ ಕಾಟಕ್ಕೆ ಒಂದಾದ ಮೇಲೊಂದು ಮಲಗುತ್ತಿದ್ದವು. ಹೈದರಾಬಾದಿನ ಹೆಡ್ ಆಫೀಸಿನಲ್ಲಿ ಬಳಸಿ ಬಿಟ್ಟಿದ್ದ ಒಂದು ದೊಡ್ಡ ಯಂತ್ರವನ್ನು ಬಾಯಿಯವರು ಬೇಡಿ ತರಿಸಿಕೊಂಡು, ನಾಲ್ಕೂ ಸರ್ವರ್‌ಗಳನ್ನು ಅದರೊಳಗೇ ನೆಲೆಗೊಳಿಸಿದರು. ಲೆಕ್ಕಕ್ಕೆ ನಾಲ್ಕು, ಕಣ್ಣಿಗೆ ಒಂದೇ. ನನಗೆ ಅದು ತಲೆಗೆ ಹೋಗದೆ ಪೇಚಾಡುತ್ತಿದ್ದಾಗ ಅವರು ಹೇಳಿದ್ದು ಇಷ್ಟೇ:

“ಹಳೇ ವಾಡೇ ನೋಡೀರಿಲ್ಲೋ ಶರಣಪ್ಪ? ಒಂದ ಮಾಳಗಿ ಕೆಳಗ ನಾಕು ಸಂಸಾರ. ಒಲಿ ಬ್ಯಾರೆ, ಬಾಗಲಾ ಬ್ಯಾರೆ. ಆದ್ರ ಭಾವಿ ಒಂದ. ಭಾವಿ ನೀರು ಕೆಟ್ರ ನಾಕೂ ಮನಿಗಿ ಕೆಡ್ತದ, ಅಷ್ಟ ನೆನಪಿಟ್ಕೋರಿ.”

ಆ ನಾಲ್ಕರಲ್ಲಿ ಮುಖ್ಯವಾದದ್ದು ಡೊಮೇನ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಬಾಗಿಲು ಕಾಯುವುದು. ಕಾರ್ಖಾನೆಯಲ್ಲಿ ಯಾರು ಯಾವ ಕಂಪ್ಯೂಟರಿನೊಳಗೆ ಹೋಗಬಹುದು ಎಂಬುದನ್ನು ಅದೇ ನೋಡಿ ಬಿಡುತ್ತಿತ್ತು. ಹೆಡ್ ಆಫೀಸಿನಲ್ಲೂ ಅಂಥದ್ದೇ ಒಂದಿತ್ತು. ಎರಡೂ ಸದಾ ಒಂದನ್ನೊಂದು ವಿಚಾರಿಸಿಕೊಂಡೇ ಕೆಲಸ ಮಾಡುತ್ತಿದ್ದವು. ಎಲ್ಲ ಬಾಗಿಲುಗಳನ್ನೂ ತೆರೆಯುವ ಅಡ್ಮಿನಿಸ್ಟ್ರೇಟರ್ ಲಾಗಿನ್ ನಮ್ಮ ಕಾರ್ಖಾನೆಯಲ್ಲಿ ಇದ್ದದ್ದು ಒಬ್ಬರಿಗೇ, ಬಾಯಿಯವರಿಗೆ. ಕಂಪನಿಯ ಬೇರೆ ಯಾವ ಊರಿನ ಕಾರ್ಖಾನೆಗೂ ಹೆಡ್ ಆಫೀಸು ಅದನ್ನು ಕೊಟ್ಟಿರಲಿಲ್ಲ. ಅದರ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಯಾಕಿರಬಾರದು?

ಆ ವರ್ಷ ಮಿರಗ, ಅಂದರೆ ಮೃಗಶಿರ ಮಳೆ, ಚೆನ್ನಾಗಿ ಬಂತು. ತೊಗರಿ ಎದ್ದು ನಿಂತಿತ್ತು. ಆಷಾಢದ ಮೊದಲ ವಾರ ಗುಡುಗು ಸಿಡಿಲು ಸಮೇತ ಹೊಡೆದ ಮಳೆಗೆ ಕರೆಂಟು ಹೋಗಿ, ಬ್ಯಾಟರಿಗಳೂ ಬರಿದಾಗಿ, ದೊಡ್ಡ ಯಂತ್ರ ಕಣ್ಣು ಮುಚ್ಚಿತು. ಮಧ್ಯಾಹ್ನ ಕರೆಂಟು ಬಂದ ಮೇಲೆ ಚಾಲೂ ಮಾಡಿದರೆ ಅದು ಅರ್ಧ ಎದ್ದು, ತಾರೀಖು ಎಷ್ಟು, ವೇಳೆ ಎಷ್ಟು ಎಂದು ಕೇಳುತ್ತ ನಿಂತಿತು. ಅದರ ಒಳಗಿನ ಬಿಲ್ಲೆಯಂಥ ಸಣ್ಣ ಬ್ಯಾಟರಿ ಸತ್ತಿತ್ತು. ನಾವು ಹೊಸ ಬಿಲ್ಲೆ ಹಾಕಿದೆವು. ಬಾಯಿಯವರು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿ ವೇಳೆ ತುಂಬಿದರು. ನಾಲ್ಕೂ ಸಂಸಾರ ಎದ್ದವು. ನಾವು ಕ್ಯಾಂಟೀನಿಗೆ ಹೋಗಿ ಮಿರ್ಚಿ ಭಜಿ ತಿಂದು ಬಂದೆವು.

ಮರುದಿನ ಬಾಯಿಯವರ ಲಾಗಿನ್ ಬಾಗಿಲು ತೆರೆಯಲಿಲ್ಲ. ಹೆಸರು ಒತ್ತಿದರು, ಪಾಸ್‌ವರ್ಡ್ ಒತ್ತಿದರು. ಒಳಗೆ ಬಿಡಲಾಗದು ಎಂಬ ಉತ್ತರ. ಇನ್ನೊಮ್ಮೆ ಒತ್ತಿದರು. ಅದೇ ಉತ್ತರ. ಉಳಿದವರಿಗೆ ಅಂಥ ತೊಂದರೆ ಇರಲಿಲ್ಲ. ಅವರವರ ಕಂಪ್ಯೂಟರ್‌ಗಳು ಹಳೆಯ ಗುರುತಿನ ಮೇಲೆ ಅವರನ್ನು ಬಿಟ್ಟುಕೊಳ್ಳುತ್ತಿದ್ದವು. ಹೊರಗೆ ನಿಂತದ್ದು ಮನೆಯ ಯಜಮಾನಿ ಮಾತ್ರ.

ಹೆಡ್ ಆಫೀಸಿನಲ್ಲಿ ಈ ವ್ಯವಹಾರ ನೋಡುತ್ತಿದ್ದವರು ರಾವ್ ಸಾಹೇಬರು. ಅವರಿಗೆ ನಮ್ಮಂಥ ಊರಿನಲ್ಲಿ ಕಂಪ್ಯೂಟರ್ ರೂಮು ಇರುವುದೇ ದಂಡ ಎಂಬ ಅಭಿಪ್ರಾಯ ಮೊದಲಿನಿಂದಲೂ ಇತ್ತು. ಫೋನಿನ ಸ್ಪೀಕರ್ ಹಾಕಿದ್ದರಿಂದ ಅವರ ಮಾತು ನಮಗೆಲ್ಲ ಕೇಳಿಸಿತು.

“ಪಾಸ್‌ವರ್ಡ್ ಮರೆತಿದ್ದೀರಿ ಮೇಡಂ. ಈ ವಯಸ್ಸಿಗೆ ಆಗುತ್ತೆ.”

“ಮರ್ತಿಲ್ರಿ ಸರ್,” ಎಂದರು ಬಾಯಿಯವರು.

“ಸರಿ, ಈ ವಾರ ಮುಗಿಯೋದರೊಳಗೆ ತೆರೆದು ತೋರಿಸಿ. ಆಗಲಿಲ್ಲ ಅಂದ್ರೆ ನಾನೇ ಬಂದು ಯಂತ್ರ ಇಲ್ಲಿಗೆ ತರ್ತೀನಿ. ಎಲ್ಲ ಇಲ್ಲಿಂದಲೇ ನಡೆಯಲಿ. ಅಲ್ಲಿಯ ರೂಮಿಗೆ ಬೀಗ ಹಾಕಿಬಿಡೋಣ. ನಿಮ್ಮ ಜನಕ್ಕೆ ಸ್ಟೋರ್ಸಿನಲ್ಲೋ ಗೇಟಿನಲ್ಲೋ ಕೆಲಸ ಕೊಡಿಸ್ತೀನಿ.”

ಬಾಯಿಯವರು ಫೋನು ಇಟ್ಟರು. ಅವರ ಮುಖ ಕೆಂಪಾಗಿತ್ತು. ಕೈ ಕಾಲು ಗಟ್ಟಿ ಇರುವ ಮನುಷ್ಯರಿಗೆ ನಿಮ್ಮ ನೆನಪು ಸೋರಿತು ಎಂದು ಹೇಳುವುದು ಎಷ್ಟು ಕೆಟ್ಟ ಮಾತು! ನನಗಂತೂ ಹೈದರಾಬಾದಿಗೇ ಹೋಗಿ ಆತನ ಕಾಲರು ಹಿಡಿಯಬೇಕೆನಿಸಿತು. ಅವರು ಮಾತ್ರ ಕನ್ನಡಕ ಒರೆಸಿಕೊಂಡು, “ಬರ್ರಿ, ಕುಂದ್ರಿ ಎಲ್ಲಾರೂ. ಮದಲಿನಿಂದ ನೋಡೋಣ,” ಎಂದರು.

ಅವರ ಕೆಲಸದ ರೀತಿ ನೋಡಬೇಕಿತ್ತು. ಒಂದು ಸಲಕ್ಕೆ ಒಂದೇ ಅನುಮಾನ. ಅದು ಸುಳ್ಳೆಂದು ಖಾತ್ರಿಯಾದರೆ ಮಾಡಿದ ಬದಲಾವಣೆಯನ್ನು ಮೊದಲಿದ್ದಂತೆ ತಿರುಗಿಸಿಟ್ಟು ಮುಂದಿನದಕ್ಕೆ ಕೈ. ಕೀಬೋರ್ಡಿನ ಗುಂಡಿಗಳು ಸರಿಯೇ? ಸರಿ. ಹೈದರಾಬಾದಿನ ಲೈನು ಇದೆಯೇ? ಇದೆ. ಲಾಗಿನ್ನಿಗೇ ಯಾರಾದರೂ ಬೀಗ ಜಡಿದಿದ್ದಾರೆಯೇ? ಇಲ್ಲ. “ಯಂತ್ರದಾಗಿನ ಟೈಮ್ ನೋಡ್ರಿ ಶರಣಪ್ಪ. ಟೈಮ್ ತಪ್ಪಿದ್ರ ಇವು ಒಬ್ಬರನ್ನೊಬ್ಬರು ನಂಬಂಗಿಲ್ಲ,” ಎಂದರು. ನಾನು ಪರದೆ ನೋಡಿದೆ, ಗೋಡೆ ನೋಡಿದೆ. ಎರಡೂ ಒಂದೇ ಹೇಳುತ್ತಿದ್ದವು. “ಬರೋಬರ್ ಅದರಿ ಬಾಯಾರ,” ಎಂದೆ. ಅವರೂ ಒಮ್ಮೆ ಗೋಡೆ ನೋಡಿ, ಸರಿ ಎಂದು ಆ ಅನುಮಾನ ಬಿಟ್ಟರು. ಉಳಿದ ನಾಲ್ವರೂ ಅದೇ ಗಡಿಯಾರ ನೋಡಿ ತಲೆಯಾಡಿಸಿದರು.

ವಾರ ಕರಗತೊಡಗಿತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಯಾರಿಗೂ ಊಟ ರುಚಿಸದು. ನನ್ನ ಹತ್ತಿರ ಒಂದು ಸುಲಭದ ಉಪಾಯವಿತ್ತು. ದೊಡ್ಡ ಯಂತ್ರದೊಳಗಿನ ಸರ್ವರ್‌ಗಳ ಹಿಂದಿನ ತಿಂಗಳ ನಕಲು ನಮ್ಮಲ್ಲಿತ್ತು. ಕೆಟ್ಟದ್ದನ್ನು ಅಳಿಸಿ ಹಳೆಯ ನಕಲನ್ನು ಕೂರಿಸಿದರೆ ಎಲ್ಲ ಹಿಂದಿನಂತಾಗುತ್ತದೆ ಎಂದು ನಾನು ಹಟ ಹಿಡಿದೆ. ರಾವ್ ಸಾಹೇಬರೂ ಅದನ್ನೇ ಹೇಳಿದ್ದರು.

“ಬ್ಯಾಡ,” ಎಂದರು ಬಾಯಿಯವರು. “ನಮ್ಮದು ಒಂದು ತಿಂಗಳು ಹಿಂದ ಹೋಗ್ತದ, ಹೈದರಾಬಾದಿಂದು ಇವತ್ತಿನ ದಿನದಾಗ ಇರ್ತದ. ನಡಬರಕ ಆದದ್ದು ಒಂದಕ್ಕ ಗೊತ್ತದ, ಒಂದಕ್ಕ ಗೊತ್ತಿಲ್ಲ. ಈಗ ಬರೇ ಬಾಗಲಾ ತಗೀವಲ್ದು. ಆಮ್ಯಾಲ ಮನೀನ ಒಡೀತದ.”

“ಮತ್ತ ರೂಮಿಗಿ ಬೀಗ ಬಿದ್ರ?”

“ಬಿದ್ರ ಬೀಳ್ಲಿ. ಬೀಗ ಬೀಳ್ತದಂತ ಮನಿ ಸುಟ್ಕೋತೀರೇನು?”

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಅವರು ಆಡಲಿಲ್ಲ. ನಾನೇ ಅಂದುಕೊಂಡು ಸುಮ್ಮನಾದೆ. ಆ ಮಳೆಗಾಲದಲ್ಲಿ ಅವರ ಮೇಲೆ ನನಗೆ ಹುಟ್ಟಿದ ಗೌರವ ಅಲ್ಲಿಂದಲೇ ಶುರುವಾದದ್ದು. ಅಷ್ಟು ದೊಡ್ಡ ಅಂಜಿಕೆ ಎದುರಿಗಿದ್ದಾಗ ಏನನ್ನಾದರೂ ಮಾಡುವುದು ಸುಲಭ; ಮಾಡಬಾರದ್ದನ್ನು ಮಾಡದೆ ಕೂರುವುದಕ್ಕೆ ಎದೆ ಬೇಕು.

ವಾರದ ಕೊನೆಗೆ ಆಷಾಢ ಏಕಾದಶಿ ಬಂತು. ಬಾಯಿಯವರದು ವೈಷ್ಣವ ಮನೆತನ. ಅವತ್ತು ಒಂದು ಹನಿ ನೀರೂ ಮುಟ್ಟದೆ ದಿನವೆಲ್ಲ ಯಂತ್ರದ ಮುಂದೆ ಕೂತಿದ್ದರು. ಮರುದಿನ ಮುಂಜಾನೆ, ನಾನು ಕಾರ್ಖಾನೆಗೆ ಹೊರಡುವಷ್ಟರಲ್ಲಿ ರಾವ್ ಸಾಹೇಬರ ಫೋನು ಬಂತು. ಅವರು ಕಾರಿನಲ್ಲಿ ಹೈದರಾಬಾದು ಬಿಟ್ಟಾಗಿತ್ತು. ನಾನು ಕೊಡೆ ಹಿಡಿದು ಕಾಲನಿಯ ಆಚೆ ತುದಿಯಲ್ಲಿದ್ದ ಬಾಯಿಯವರ ಕ್ವಾರ್ಟರ್ಸಿಗೆ ಓಡಿದೆ.

ಬಾಗಿಲು ತೆರೆದವರು ಅವರ ಯಜಮಾನರು ರಾಘಪ್ಪ ಮಾಸ್ತರರು. ಒಳಗೆ ಬಾಳೆಲೆ ಹಾಕಿತ್ತು. ಬಾಯಿಯವರು ದೇವರ ಮನೆಯಲ್ಲಿದ್ದರು. ಉಪವಾಸ ಮುಗಿಸುವ ದ್ವಾದಶಿಯ ಊಟಕ್ಕೆ, ಅದೇ ಪಾರಣೆಗೆ, ಪಂಚಾಂಗದಲ್ಲಿ ಒಂದು ವೇಳೆ ಇರುತ್ತದೆ. ಅದಕ್ಕಿಂತ ಮೊದಲು ಬಾಯಿಗೆ ಏನೂ ಹಾಕುವಂತಿಲ್ಲ.

“ಕುಂದ್ರಿ ಶರಣಪ್ಪ, ಪಾರಣಿ ವ್ಯಾಳ್ಯಾ ಇನ್ನೂ ಆಗಿಲ್ಲ,” ಎಂದರು ಮಾಸ್ತರರು.

ನನಗೆ ಗಡಿಬಿಡಿ. “ಯಾವಾಗದರಿ ಮಾಸ್ತರ?”

ಅವರು ವೇಳೆ ಹೇಳಿದರು. ನಾನು ನಡುಮನೆಯ ಗಡಿಯಾರ ತೋರಿಸಿದೆ. “ಆಗೇ ಹೋಗ್ಯಾದಲ್ರಿ, ನೋಡ್ರಿ.”

ಮಾಸ್ತರರು ನಕ್ಕುಬಿಟ್ಟರು. “ಅದು ಭೋಂಗಾ ಟೈಮ್ ಅಲ್ಲೇನ್ರಿ! ದೇವರಿಗಿ ಭೋಂಗಾ ನಡೀತದೇನು? ಅದಕ್ಕಂತ ದೇವರ ಮನ್ಯಾಗ ಬ್ಯಾರೆ ಗಡಿಯಾಳ ಇಟ್ಟೀವಿ. ಅದು ರೈಲ್ವೆ ಟೈಮ್.”

ದೇವರ ಮನೆಯಿಂದ ಗಂಟೆಯ ಸದ್ದು ಬರುತ್ತಿದ್ದದ್ದು ಫಕ್ಕನೆ ನಿಂತಿತು. ಬಾಯಿಯವರು ಗಂಟೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಒಮ್ಮೆ ನಡುಮನೆಯ ಗಡಿಯಾರ ನೋಡಿದರು, ಒಮ್ಮೆ ತಿರುಗಿ ದೇವರ ಮನೆಯ ಗಡಿಯಾರ ನೋಡಿದರು.

“ಅಯ್ಯ ನಮ್ಮಪ್ಪ,” ಎಂದರು. “ಶರಣಪ್ಪ, ನಾ ಯಂತ್ರಕ್ಕ ಯಾವ ಟೈಮ್ ಹಾಕೀನಿ?”

ಆಗ ನನಗೂ ಬೆಳಕು ಹರಿಯಿತು. ಬಾವಿಯ ನೀರೇ ಕೆಟ್ಟಿತ್ತು. ಅವರು ದೊಡ್ಡ ಯಂತ್ರಕ್ಕೆ ಭೋಂಗಾ ಟೈಮ್ ಹಾಕಿದ್ದರು. ಒಳಗಿನ ಬಾಗಿಲು ಕಾಯುವ ಸರ್ವರ್ ಅದರಿಂದಲೇ ವೇಳೆ ಕಲಿತಿತ್ತು. ಹೈದರಾಬಾದಿನದು ರೈಲ್ವೆ ಟೈಮಿನಲ್ಲಿತ್ತು. ಇಬ್ಬರ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಕದ್ದ ಗುರುತನ್ನು ಯಾರೋ ತಡವಾಗಿ ತಂದಿದ್ದಾರೆ ಎಂದು ತಿಳಿದು ಅವು ಬಾಗಿಲು ಮುಚ್ಚುತ್ತವೆ. ಇಡೀ ವಾರ ಆರು ಜನ ಸೇರಿ ಹತ್ತು ನಿಮಿಷ ಮುಂದಿದ್ದ ಯಂತ್ರವನ್ನು ಹತ್ತು ನಿಮಿಷ ಮುಂದಿದ್ದ ಗೋಡೆಗೆ ಹೋಲಿಸಿ, ಬರೋಬರ್ ಅದ ಎಂದು ತಲೆಯಾಡಿಸಿದ್ದೆವು! ಬೇರೆ ಊರಿನವರಾಗಿದ್ದರೆ ಅವರವರ ಕೈಗಡಿಯಾರವೇ ಹೇಳಿಬಿಡುತ್ತಿತ್ತು. ನಮ್ಮ ಕೈಗಡಿಯಾರಗಳೂ, ಜೇಬಿನ ಮೊಬೈಲುಗಳೂ ನಾವೇ ಭೋಂಗಾಕ್ಕೆ ಹೊಂದಿಸಿಕೊಂಡವು.

ಬಾಯಿಯವರು ಹೊರಟೇ ಬಿಟ್ಟರು. ಮಾಸ್ತರರು ಅಡ್ಡ ನಿಂತು, “ವ್ಯಾಳ್ಯಾ ಆತು, ತೀರ್ಥ ಆದ್ರೂ ತಗೋ. ತೀರ್ಥ ತಗೊಂಡ್ರ ಪಾರಣಿ ಆದಂಗ,” ಎಂದು ಅಂಗೈಗೆ ಹಾಕಿದರು. ಅಷ್ಟನ್ನೇ ಕುಡಿದು, ಬಾಳೆಲೆಯ ಮೇಲೆ ಬಡಿಸಿದ್ದನ್ನು ಹಾಗೇ ಬಿಟ್ಟು, ಮಳೆಯಲ್ಲಿ ನನಗಿಂತ ಮುಂದೆ ನಡೆದರು. ನಾನು ಕೊಡೆ ಹಿಡಿದು ಹಿಂದೆ ಓಡಿದರೂ ಅವರ ತಲೆಯ ಮೇಲೆ ಹಿಡಿಯಲಾಗಲಿಲ್ಲ.

ಆಗಲೂ ಅವಸರ ಮಾಡಲಿಲ್ಲ ಅವರು. ದೊಡ್ಡ ಯಂತ್ರಕ್ಕೆ ತನ್ನದೇ ಬೇರೆ ಪಾಸ್‌ವರ್ಡ್ ಇತ್ತು; ಅದರಿಂದ ಹೊಕ್ಕು, ಒಳಗಿನ ಸರ್ವರ್ ದೊಡ್ಡ ಯಂತ್ರದಿಂದ ವೇಳೆ ಕಲಿಯುವುದನ್ನು ಮೊದಲು ಬಿಡಿಸಿದರು. ಆಮೇಲೆ ದೊಡ್ಡ ಯಂತ್ರದ ವೇಳೆ ತಿದ್ದಿದರು. ಒಳಗಿನದಕ್ಕೆ ಹೈದರಾಬಾದಿನ ವೇಳೆಯನ್ನೇ ನೋಡಿ ನಡೆಯುವಂತೆ ಹೇಳಿ, ಅದು ಸರಿಹೋಗುವವರೆಗೆ ಕೈಕಟ್ಟಿ ಕೂತರು. ನಂತರ ಹೆಸರು ಒತ್ತಿದರು. ಪಾಸ್‌ವರ್ಡ್ ಒತ್ತಿದರು. ಬಾಗಿಲು ತೆರೆಯಿತು.

ನಾವು ಐದು ಜನ ಹುಯ್ಯೋ ಎಂದು ಕೂಗಿದ್ದಕ್ಕೆ ಟೈಮ್ ಆಫೀಸಿನಿಂದ ಖಾಸೀಂಸಾಬರು ಓಡಿ ಬಂದರು. ಬಾಯಿಯವರು ಸೆರಗಿನಿಂದ ಕಣ್ಣು ಒರೆಸಿಕೊಂಡು, “ಮರ್ತಿದ್ದಿಲ್ಲಪ್ಪ ನಾ,” ಎಂದರು, ಯಾರಿಗೂ ಅಲ್ಲದಂತೆ. ಕಥೆ ಇಲ್ಲಿಗೇ ಮುಗಿದಿದ್ದರೆ ನನಗೆ ಅವರು ಬರೇ ಜಾಣೆಯಾಗಿ ನೆನಪಿರುತ್ತಿದ್ದರು.

ಕಾರಿನಲ್ಲಿದ್ದ ರಾವ್ ಸಾಹೇಬರಿಗೆ ಫೋನು ಹಚ್ಚಿದೆವು. ಬಾಗಿಲು ತೆರೆದದ್ದು ಕೇಳಿ ಅವರು ಖುಷಿಪಟ್ಟಂತೆ ಕಾಣಲಿಲ್ಲ. ಯಂತ್ರದ ವೇಳೆ ಹತ್ತು ನಿಮಿಷ ಮುಂದಿತ್ತು ಎಂದು ಬಾಯಿಯವರು ಹೇಳಿದಾಗ, “ಅದು ಹೇಗೆ ಮುಂದೆ ಹೋಯಿತು?” ಎಂದರು. ನಾನು ನಡುವೆ ಬಾಯಿ ಹಾಕಲು ಹೊರಟಿದ್ದೆ. ಭೋಂಗಾದ ತಪ್ಪು ಎಂದರೆ ಬಾಯಿಯವರ ಮೇಲೆ ಏನೂ ಬರುವುದಿಲ್ಲ, ಅದು ಇಡೀ ಕಾರ್ಖಾನೆಯ ರೂಢಿ. ಅಷ್ಟರಲ್ಲಿ ಬಾಯಿಯವರು ನನ್ನ ಕಡೆ ಕೈ ಮಾಡಿ ತಡೆದು, “ಅರ್ಧಾ ತಾಸಿನಾಗ ಹೇಳ್ತೀನ್ರಿ ಸರ್,” ಎಂದು ಫೋನು ಇಟ್ಟು, ಖಾಸೀಂಸಾಬರ ಕಡೆ ತಿರುಗಿದರು.

“ಖಾಸೀಂಸಾಬ್, ಭೋಂಗಾ ಹತ್ತು ನಿಮಿಷ ಮುಂದ ಯಾಕದ? ಖರೇ ಹೇಳ್ರಿ.”

ಖಾಸೀಂಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಮಂದಿ ಲಗೂ ಬರ್ಲಿ ಅಂತ ಅಂತಾರ್ರಿ ಬಾಯಾರ. ಅದು ಝೂಟ್. ನಮ್ಮ ಅಬ್ಬಾ ಇದೇ ಭೋಂಗಾ ಹೊಡೀತಿದ್ರು, ಅವರಿಗಿ ಗೊತ್ತಿತ್ತು. ವಾಡಿ, ಶಹಾಬಾದ್ ಮಂದಿ ಮುಂಜಾನೆ ಗಾಡಿಗಿ ಲಗೂನೇ ಬಂದು, ಭೋಂಗಾ ಆಗೋತನಾ ಗೇಟಿನಾಗ ಸುಮ್ನ ಕುಂದರ್ತಾರ. ಸಂಜಿಗಿ ಭೋಂಗಾ ಬರೋಬರ್ ಟೈಮಿಗಿ ಆದ್ರ, ಸ್ಟೇಷನ್ನಿಗಿ ಹೋಗೋದ್ರಾಗ ಗಾಡಿ ಹೋಗಿಬಿಡ್ತದ. ಆಮ್ಯಾಲಿನ ಗಾಡಿ ರಾತ್ರಿಗಿ. ಅದಕ್ಕ ಹಳೇ ಸಾಬ್ರು ಹತ್ತು ನಿಮಿಷ ಮುಂದ ಮಾಡ್ಯಾರ. ಕೆಲಸ ಅಷ್ಟಕ್ಕಷ್ಟ, ಮಂದಿ ಮನಿಗಿ ಮುಟ್ತಾರ.”

ನಾನು ಅಷ್ಟು ವರ್ಷ ಅಲ್ಲಿದ್ದು ಆ ಹತ್ತು ನಿಮಿಷವನ್ನು ಬೈದುಕೊಂಡೇ ಎದ್ದವನು. ಅದು ಯಾರದೋ ಸಂಜೆಯ ಊಟ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

“ಹಂಗಾರ ರಾವ್ ಸಾಹೇಬ್ರಿಗಿ ಹಿಂಗ ಅಂತ ಬಿಡಿಸಿ ಹೇಳ್ರಿ ಬಾಯಾರ,” ಎಂದೆ.

“ಅವರಿಗಿ ನಮ್ಮ ಪ್ಯಾಸೆಂಜರ್ ಗಾಡಿ ಹ್ಯಾಂಗ ತಿಳೀಬೇಕ್ರಿ? ಭೋಂಗಾ ತಪ್ಪದ ಅಂತ ಒಮ್ಮಿ ನಾ ಅಂದ್ರ, ನಾಳಿಗೇ ಅದನ್ನ ಬರೋಬರ್ ಮಾಡಸ್ತಾರ. ಇಷ್ಟು ಮಂದಿ ರಾತ್ರಿತನಾ ಸ್ಟೇಷನ್ನಿನಾಗ ಕುಂದರಬೇಕು, ನನ್ನ ಹೆಸರು ಉಳೀಲಿಕ್ಕ?”

ಅವರೇ ಫೋನು ಹಚ್ಚಿದರು. ಸ್ಪೀಕರ್ ಆರಿಸಲಿಲ್ಲ.

“ಸರ್, ಟೈಮ್ ತುಂಬಿದಾಕಿ ನಾನು. ತಪ್ಪು ತುಂಬೀನಿ. ತಪ್ಪು ನಂದು.”

ರಾವ್ ಸಾಹೇಬರು ತಣ್ಣಗೆ ಹೇಳಿದರು: ಬಾಗಿಲು ತೆರೆದಿದೆ, ಆಡಿದ ಮಾತಿನಂತೆ ರೂಮು ಇರಲಿ. ಆದರೆ ಗಡಿಯಾರ ನೋಡಿ ವೇಳೆ ತುಂಬಲು ಬಾರದವರ ಕೈಯಲ್ಲಿ ಎಲ್ಲ ಬಾಗಿಲಿನ ಕೀಲಿ ಇರುವುದು ಬೇಡ. ಅಡ್ಮಿನಿಸ್ಟ್ರೇಟರ್ ಲಾಗಿನ್ ಬೇರೆ ಯಾರ ಹೆಸರಿಗಾದರೂ ಆಗಲಿ.

“ಆಗ್ಲಿ ಸರ್. ಶರಣಪ್ಪ ಅಂತ ಅದಾರ. ಛಲೋ ಹುಷಾರಿ ಮನುಷ್ಯ,” ಎಂದರು ಬಾಯಿಯವರು. ವಾರವೆಲ್ಲ ಹೋರಾಡಿ ಮರಳಿ ಪಡೆದ ಲಾಗಿನ್ ಅವರ ಕೈಯಲ್ಲಿ ಒಂದು ತಾಸೂ ಉಳಿಯಲಿಲ್ಲ. ನಾನು ಬೇಡವೆಂದೆ, ಖಾಸೀಂಸಾಬರು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಅವತ್ತು ಸಂಜೆ ಭೋಂಗಾ ಎಂದಿನ ಹೊತ್ತಿಗೇ ಕೂಗಿತು.

ನಿವೃತ್ತಿಯಾಗುವವರೆಗೆ ಬಾಯಿಯವರು ಅದೇ ರೂಮಿನಲ್ಲಿ, ಅದೇ ಕುರ್ಚಿಯಲ್ಲಿ ನಮಗೆ ಕೆಲಸ ಕಲಿಸಿದರು. ಗೋಡೆಯ ಮೇಲೆ ಎರಡನೆಯ ಗಡಿಯಾರ ತೂಗುಹಾಕಿಸಿ, ಅದರ ಕೆಳಗೆ ‘ರೈಲ್ವೆ’ ಎಂದು ಬರೆದ ಚೀಟಿ ಅಂಟಿಸಿದ್ದರು. ಯಂತ್ರದೊಳಗೆ ಏನಾದರೂ ಮಾಡಬೇಕಾದಾಗ ನನ್ನ ಹಿಂದೆ ನಿಂತು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಪಾಸ್‌ವರ್ಡ್ ಒತ್ತುವ ಹೊತ್ತಿಗೆ ಮಾತ್ರ ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದರು. “ನೋಡ್ರಿ ಬಾಯಾರ, ನಿಮ್ಮದೇ ಅಲ್ಲೇನ್ರಿ ಇದು,” ಎಂದು ಒಮ್ಮೆ ನಾನು ತಡೆಯಲಾರದೆ ಅಂದೆ. “ನಂದಲ್ಲ, ನಿಮ್ಮದು. ನಿಯಮ ಅಂದ್ರ ನಿಯಮ,” ಎಂದು ಕಿಟಕಿಯ ಆಚೆಯ ಮಳೆಯನ್ನೇ ನೋಡುತ್ತಿದ್ದರು. ಆಮೇಲೆ ಎಷ್ಟೋ ದೊಡ್ಡ ಆಫೀಸುಗಳಲ್ಲಿ ಎಷ್ಟೋ ಅಧಿಕಾರಿಗಳ ಕೈಕೆಳಗೆ ದುಡಿದೆ. ಆ ಮುಖ ತಿರುಗಿಸಿದ ಹೆಂಗಸಿಗಿಂತ ದೊಡ್ಡವರನ್ನು ನಾನು ಕಂಡಿಲ್ಲ.

ಮೊನ್ನೆ ಇದೆಲ್ಲ ನೆನೆಯುತ್ತ ನೆಂದ ಫರಸಿಯ ಮೇಲೆ ನಿಂತಿದ್ದಾಗ ದೂರದಲ್ಲಿ ಭೋಂಗಾ ಕೂಗಿತು. ನಾನು ಸ್ಟೇಷನ್ನಿನ ಗಡಿಯಾರ ನೋಡಿದೆ. ಭೋಂಗಾ ಈಗಲೂ ಹತ್ತು ನಿಮಿಷ ಮುಂದೇ ಇತ್ತು. ಸ್ವಲ್ಪ ಹೊತ್ತಿಗೆ ಟಿಫಿನ್ ಡಬ್ಬಿ ಹಿಡಿದ ಗಂಡಸರು, ಹೆಂಗಸರು ಗುಂಪುಗುಂಪಾಗಿ ಪ್ಲಾಟ್‌ಫಾರ್ಮಿಗೆ ಬಂದರು. ಯಾರೂ ಓಡುತ್ತಿರಲಿಲ್ಲ. ಸಿಗ್ನಲ್ ಬಿದ್ದಿತೇನೋ ಎಂದು ನಾನು ಬ್ಯಾಗು ಎತ್ತಿಕೊಂಡದ್ದನ್ನು ನೋಡಿ ಅವರಲ್ಲೊಬ್ಬ ಕರೆದ.

“ಯಾಕ್ರಿ ಕಾಕಾ, ಗಡಿಬಿಡಿ ಮಾಡಾಕತ್ತೀರಿ? ಗಾಡಿಗಿ ಇನ್ನೂ ಟೈಮ್ ಅದ. ನಮ್ಮ ಭೋಂಗಾ ಲಗೂ ಆಗ್ತದ್ರಿ. ಬರ್ರಿ, ಚಾ ಕುಡೀರಿ.”

“ಲಗೂ ಯಾಕಾಗ್ತದಪ್ಪ?” ಎಂದೆ.

“ಯಾರಿಗಿ ಗೊತ್ರಿ? ಮದಲಿನಿಂದ ಹಂಗೇ ಅದ,” ಎಂದು ಅವನು ಚಹಾದ ಲೋಟ ನನ್ನ ಕೈಗಿತ್ತ. ಬಾಯಿಯವರ ಹೆಸರು ಹೇಳಬೇಕೆಂದು ಬಾಯಿ ತೆರೆದವನು, ಅದನ್ನು ಬಿಟ್ಟು ಬ್ಯಾಗನ್ನು ಕೆಳಗಿಟ್ಟೆ. ಗಾಡಿ ಬರುವವರೆಗೆ ಅವರೊಂದಿಗೆ ಕೂತು ನಿಧಾನವಾಗಿ ಚಹಾ ಕುಡಿದೆ.